ಒಳ್ಳೆಯ ವಾಚಿನ ಆಸೆ: ಹುಬ್ಬಳ್ಳಿ-ಧಾರವಾಡದ ವಾಚ್ ಪ್ರಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಒಳ್ಳೆಯ ವಾಚಿನ ಹುಚ್ಚು ಇರುವವರು ಬಹಳ ಜನ ಇದ್ದಾರೆ. ಆದರೆ ನಮ್ಮ ಆಸೆ ಬೆಳೆಯುವುದೆಲ್ಲ ಮೊಬೈಲ್ ಪರದೆಯ ಮೇಲೆ. ಕೈಗೆ ಹಾಕಿ ನೋಡೋಣ ಅಂದರೆ ಊರಲ್ಲಿ ಅಂಗಡಿ ಇಲ್ಲ. ಹಾಗಾಗಿ ಕೊಳ್ಳುವ ಮೊದಲು ನಾವು ಬೆಂಗಳೂರಿನವರಿಗಿಂತ ಸ್ವಲ್ಪ ಜಾಸ್ತಿ ತಯಾರಿ ಮಾಡಿಕೊಳ್ಳಬೇಕಾಗುತ್ತದೆ. ಆ ತಯಾರಿಗೆ ಬೇಕಾದ ಉತ್ತರಗಳು ಇಲ್ಲಿವೆ.

ಮೊಬೈಲಿನಲ್ಲೇ ಟೈಮ್ ಕಾಣುತ್ತದೆ. ವಾಚಿಗೆ ಲಕ್ಷಗಟ್ಟಲೆ ಯಾಕೆ ಕೊಡಬೇಕು?

ಕೊಡಲೇಬೇಕು ಅಂತೇನಿಲ್ಲ. ಟೈಮ್ ನೋಡಲಿಕ್ಕಷ್ಟೇ ಆದರೆ ಸಾವಿರ ರೂಪಾಯಿಯ ಕ್ಯಾಸಿಯೊ ಸಾಕು. ಅದು ಲಕ್ಷದ ವಾಚಿಗಿಂತ ಸರಿಯಾಗಿಯೇ ಟೈಮ್ ತೋರಿಸುತ್ತದೆ. ಆದರೆ ಸೆಲ್ಲು ಇಲ್ಲದೆ, ಬರೀ ಸ್ಪ್ರಿಂಗು, ಹಲ್ಲಿನ ಚಕ್ರ, ಸಣ್ಣ ಹರಳುಗಳ ಮೇಲೆ ನಡೆಯುವ ಯಂತ್ರ ಒಂದು ಕೈ ಮೇಲೆ ಇದೆ ಅನ್ನುವುದೇ ಕೆಲವರಿಗೆ ದೊಡ್ಡ ಸಂತೋಷ. ಈಗಿನ ಬಹಳಷ್ಟು ಆಟೋಮ್ಯಾಟಿಕ್ ವಾಚುಗಳ ಹೃದಯ ಸೆಕೆಂಡಿಗೆ ಎಂಟು ಸಲ ಬಡಿಯುತ್ತದೆ. ದಿನಕ್ಕೆ 6,91,200 ಸಲ. ಅಷ್ಟು ಬಡಿದೂ ಒಳ್ಳೆಯ ವಾಚಿನಲ್ಲಿ ದಿನದ ಕೊನೆಗೆ ಐದಾರು ಸೆಕೆಂಡಿನ ವ್ಯತ್ಯಾಸ ಮಾತ್ರ ಬರುತ್ತದೆ ಅಂದರೆ ಅದು ಸಣ್ಣ ಕೆಲಸ ಅಲ್ಲ. ಇದನ್ನು ಕೇಳಿ ನಿಮ್ಮ ಕಣ್ಣು ಅರಳಿದರೆ ಮುಂದಿನದೆಲ್ಲ ನಿಮಗಾಗಿಯೇ. ಅರಳದಿದ್ದರೆ ದುಡ್ಡು ಉಳಿಸಿಕೊಳ್ಳಿ, ಅದೂ ಒಳ್ಳೆಯದೇ.

ಸೆಲ್ಲಿನದು, ಆಟೋಮ್ಯಾಟಿಕ್, ಚಾವಿ ಕೊಡುವುದು. ಯಾವುದು ತಗೊಳ್ಳಲಿ?

ಸೆಲ್ಲಿನ ವಾಚಿನಲ್ಲಿ ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದಕ್ಕೇ ಅದು ಅಷ್ಟು ಸರಿಯಾಗಿ ನಡೆಯುತ್ತದೆ. ಜಪಾನಿನ ಸೀಕೊ ಕಂಪನಿ 1969ರ ಡಿಸೆಂಬರ್ 25ರಂದು ಆಸ್ಟ್ರಾನ್ ಹೆಸರಿನಲ್ಲಿ ಇಂಥ ಮೊದಲ ಕೈಗಡಿಯಾರ ಮಾರಾಟಕ್ಕೆ ತಂದಿತು. ಮುಂದಿನ ಹದಿನೈದು ವರ್ಷ ಸ್ವಿಸ್ ಕಾರ್ಖಾನೆಗಳು ಬಾಗಿಲು ಹಾಕುತ್ತ ಹೋದವು. ಉಳಿದವು ಯಂತ್ರದ ಸೊಗಸನ್ನೇ ಬಂಡವಾಳ ಮಾಡಿಕೊಂಡವು. ಇವತ್ತು ನಾವು 'ಲಕ್ಸುರಿ ವಾಚು' ಅಂತ ಕರೆಯುವುದು ಅಲ್ಲಿಂದ ಬಂದದ್ದು.

ಆಟೋಮ್ಯಾಟಿಕ್ ವಾಚಿಗೆ ಕೈ ಆಡಿಸಿದರೆ ಸಾಕು, ಒಳಗಿನ ಅರ್ಧಚಂದ್ರದಂಥ ತೂಕ ತಿರುಗಿ ಸ್ಪ್ರಿಂಗು ಸುತ್ತುತ್ತದೆ. ಚಾವಿ ಕೊಡುವ ವಾಚಿಗೆ ದಿನಾ ಬೆಳಿಗ್ಗೆ ನೀವೇ ಕೊಡಬೇಕು. ದಿನಾ ಒಂದೇ ವಾಚು ಕಟ್ಟುವವರಿಗೆ ಆಟೋಮ್ಯಾಟಿಕ್ ಅನುಕೂಲ. ಶನಿವಾರ ಸಂಜೆ ಬಿಚ್ಚಿಟ್ಟು ಸೋಮವಾರ ಬೆಳಿಗ್ಗೆ ಕಟ್ಟುವವರಾದರೆ 'ಪವರ್ ರಿಸರ್ವ್' ನೋಡಿ, ಅಂದರೆ ಪೂರ್ತಿ ಸುತ್ತಿದ ಸ್ಪ್ರಿಂಗು ಎಷ್ಟು ತಾಸು ವಾಚು ನಡೆಸುತ್ತದೆ ಅನ್ನುವುದು. 40 ತಾಸಿನದು ಸೋಮವಾರ ಬೆಳಿಗ್ಗೆಯ ಹೊತ್ತಿಗೆ ನಿಲ್ಲುವ ಅಂಚಿಗೆ ಬಂದಿರುತ್ತದೆ. ಟಿಸೋದ ಪವರ್‌ಮ್ಯಾಟಿಕ್ 80 ಯಂತ್ರ ಹೆಸರೇ ಹೇಳುವ ಹಾಗೆ 80 ತಾಸು ನಡೆಯುತ್ತದೆ.

ಸೆಲ್ಲಿನದೆಲ್ಲ ಕೀಳು ಅಂತ ತಿಳಿಯಬೇಡಿ. ಗ್ರ್ಯಾಂಡ್ ಸೀಕೊದ 9ಎಫ್ ಕ್ವಾರ್ಟ್ಸ್ ಯಂತ್ರ ವರ್ಷಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ ಅನ್ನುವುದು ಕಂಪನಿಯ ಮಾತು. ವಾರಕ್ಕೊಮ್ಮೆ ಕಟ್ಟುವವರಿಗೆ ಅದು ಬಹಳ ಒಳ್ಳೆಯ ಆಯ್ಕೆ.

ನನ್ನ ಕೈಗೆ ಎಷ್ಟು ದೊಡ್ಡ ವಾಚು ಒಪ್ಪುತ್ತದೆ?

ಎಲ್ಲ ಪ್ರಶ್ನೆಗಳಲ್ಲಿ ಇದೇ ಮುಖ್ಯ. ಬ್ರ್ಯಾಂಡು, ಬಣ್ಣ, ಯಂತ್ರ ಎಲ್ಲ ಆಮೇಲೆ. ಕೈಗೆ ಕೂರದ ವಾಚು ಎಷ್ಟೇ ದುಬಾರಿಯಾದರೂ ಕಪಾಟಿನೊಳಗೆ ಹೋಗುತ್ತದೆ.

ಒಂದು ದಾರ ತಗೊಳ್ಳಿ. ಮಣಿಕಟ್ಟಿನ ಎಲುಬಿನ ಹಿಂದೆ, ವಾಚು ಕೂರುವ ಜಾಗದಲ್ಲಿ, ಒಂದು ಸುತ್ತು ಹಾಕಿ ಸ್ಕೇಲಿನ ಮೇಲೆ ಅಳೆಯಿರಿ. ನಮ್ಮಲ್ಲಿ ಬಹಳ ಗಂಡಸರದು ಆರೂಕಾಲಿನಿಂದ ಏಳು ಇಂಚಿನ ನಡುವೆ ಬರುತ್ತದೆ. ಇನ್ನು ಕೈಯ ಮೇಲ್ಭಾಗದ ಚಪ್ಪಟೆ ಜಾಗ ಎಷ್ಟು ಅಗಲ ಇದೆ ಅಂತ ಮಿಲಿಮೀಟರಿನಲ್ಲಿ ಅಳೆಯಿರಿ. ನಿಜವಾಗಿ ಬೇಕಾದ ಅಳತೆ ಅದು.

ಅಂಗಡಿಯವರು 40 ಎಂಎಂ, 42 ಎಂಎಂ ಅನ್ನುವುದು ಡಬ್ಬಿಯ, ಅಂದರೆ ವಾಚಿನ ಹೊರ ಕವಚದ, ಅಡ್ಡಗಲ. ವಾಚು ಕೈ ಮೇಲೆ ಹೇಗೆ ಕೂರುತ್ತದೆ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಬೆಲ್ಟು ಸಿಕ್ಕಿಸುವ ಕೊಂಬುಗಳಿಗೆ ಲಗ್ ಅಂತಾರೆ. ಮೇಲಿನ ಲಗ್ಗಿನ ತುದಿಯಿಂದ ಕೆಳಗಿನ ಲಗ್ಗಿನ ತುದಿಗೆ ಎಷ್ಟು ಉದ್ದ ಅಂತ ಕೇಳಿ. ಆ ಉದ್ದ ನಿಮ್ಮ ಚಪ್ಪಟೆ ಜಾಗಕ್ಕಿಂತ ಜಾಸ್ತಿ ಇದ್ದರೆ ಲಗ್ಗುಗಳು ಗಾಳಿಯಲ್ಲಿ ತೇಲುತ್ತವೆ, ಅಂಗಿಯ ತೋಳಿಗೆ ಸಿಕ್ಕಿಕೊಳ್ಳುತ್ತವೆ. ದಪ್ಪವನ್ನೂ ಕೇಳಿ. 12 ಎಂಎಂ ಒಳಗಿದ್ದರೆ ತೋಳಿನ ಕೆಳಗೆ ಸಲೀಸಾಗಿ ಜಾರುತ್ತದೆ. 15 ಆದರೆ ದಿನಾ ಗುಂಡಿ ಬಿಚ್ಚಿ ಟೈಮ್ ನೋಡುವ ಪರಿಸ್ಥಿತಿ.

ಬೆಂಗಳೂರಿಗೆ ಹೋಗುವ ಮೊದಲು ಮನೆಯಲ್ಲೇ ಇನ್ನೊಂದು ಕೆಲಸ ಮಾಡಬಹುದು. ದಪ್ಪ ರಟ್ಟಿನ ಮೇಲೆ ಆ ವಾಚಿನ ಆಕಾರವನ್ನು ಲಗ್ ಸಮೇತ ಅಳತೆಗೆ ಸರಿಯಾಗಿ ಬರೆದು ಕತ್ತರಿಸಿ. ದಾರದಿಂದ ಕೈಗೆ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಲ್ಲಿ. ಕೈ ಹತ್ತಿರ ತಂದು ನೋಡಿದರೆ ಎಲ್ಲ ವಾಚೂ ದೊಡ್ಡದಾಗಿಯೇ ಕಾಣುತ್ತದೆ. ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನುವುದನ್ನು ಕನ್ನಡಿ ಹೇಳುತ್ತದೆ. ರಟ್ಟು ಕಟ್ಟಿಕೊಂಡು ನೋಡಿದ ಮೇಲೆ 44 ಎಂಎಂ ಬೇಕು ಅಂತಿದ್ದವರು 39ಕ್ಕೆ ಬಂದದ್ದನ್ನು ನಾನು ಬಹಳ ಸಲ ನೋಡಿದ್ದೇನೆ.

ಚೈನು ಡಬ್ಬಿಗೇ ಅಂಟಿಕೊಂಡಂತೆ ಬರುವ ಮಾದರಿಗಳು, ಉದಾಹರಣೆಗೆ ಟಿಸೋ ಪಿಆರ್‌ಎಕ್ಸ್, ಅಳತೆಗಿಂತ ದೊಡ್ಡದಾಗಿ ಕೂರುತ್ತವೆ. ಮೊದಲ ಕೊಂಡಿ ತಕ್ಷಣ ಕೆಳಕ್ಕೆ ಬಾಗುವುದಿಲ್ಲ, ಅದಕ್ಕೆ ಹಾಗೆ. ಸಣ್ಣ ಕೈಯವರು ಅದರ 35 ಎಂಎಂ ಮಾದರಿಯನ್ನು ಹಾಕಿ ನೋಡಲೇಬೇಕು.

ಒಂದು ಲಕ್ಷದ ಒಳಗೆ ಏನು ಬರುತ್ತದೆ?

ಬಹಳ ಒಳ್ಳೆಯವು ಬರುತ್ತವೆ. ಪಿಆರ್‌ಎಕ್ಸ್ ಬಗ್ಗೆ ಹೇಳಿದೆ. ಸ್ವಿಟ್ಜರ್ಲೆಂಡಿನ ಲೆ ಲೋಕ್ಲ್ ಊರಲ್ಲಿ 1853ರಲ್ಲಿ ಶುರುವಾದ ಕಂಪನಿ ಅದು. ಸೀಕೊ, ಸಿಟಿಜನ್, ಹ್ಯಾಮಿಲ್ಟನ್ ಕೂಡ ನೋಡಿ.

ನಮ್ಮದೇ ರಾಜ್ಯದ್ದು ಬೇಕು ಅನ್ನುವವರಿಗೆ ಬೆಂಗಳೂರು ವಾಚ್ ಕಂಪನಿ ಇದೆ. ಒಳಗೆ ಸ್ವಿಸ್ ಯಂತ್ರ, ಕಥೆ ನಮ್ಮದು. ಮ್ಯಾಕ್ 1 ಸರಣಿ ವಿಮಾನಗಳದ್ದು, ಅಪೋಜಿ ಬಾಹ್ಯಾಕಾಶದ್ದು. ಇನ್ನು ತೆಳುವಾದ ವಾಚು ಬೇಕಿದ್ದರೆ ಟೈಟಾನ್ ಎಡ್ಜ್ ಮರೆಯಬೇಡಿ. 2002ರಲ್ಲಿ ಬಂದ ಈ ವಾಚಿನ ಒಟ್ಟು ದಪ್ಪ ಬರೀ 3.5 ಎಂಎಂ, ಒಳಗಿನ ಯಂತ್ರ 1.15 ಎಂಎಂ. ಹೊಸೂರಿನಲ್ಲಿ ಆದ ಈ ಕೆಲಸಕ್ಕೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡರಿಂದ ಐದು ಲಕ್ಷ ಕೂಡಿಟ್ಟಿದ್ದೇನೆ. ಒಂದೇ ವಾಚು, ದಿನಾ ಕಟ್ಟಬೇಕು.

ಈ ಮಟ್ಟದಲ್ಲಿ ನಾನು ಮೊದಲು ಹೇಳುವುದು ಲಾಂಜಿನ್ ಮತ್ತು ಟ್ಯೂಡರ್. ಲಾಂಜಿನ್ 1832ರಿಂದ ಸಾಂತಿಮಿಯೆ ಊರಲ್ಲಿದೆ. ಅದರ ಸ್ಪಿರಿಟ್ ಸರಣಿಗೆ ಕ್ರೊನೊಮೀಟರ್ ಪ್ರಮಾಣಪತ್ರ ಇದೆ. ಅಂದರೆ ಒಳಗಿನ ಯಂತ್ರವನ್ನು ಹೊರಗಿನ ಸಂಸ್ಥೆಯೊಂದು ಪರೀಕ್ಷಿಸಿ, ದಿನಕ್ಕೆ ಸರಾಸರಿ 4 ಸೆಕೆಂಡಿಗಿಂತ ಜಾಸ್ತಿ ಹಿಂದೆ ಬೀಳುವುದಿಲ್ಲ, 6 ಸೆಕೆಂಡಿಗಿಂತ ಜಾಸ್ತಿ ಮುಂದೆ ಓಡುವುದಿಲ್ಲ ಅಂತ ಒಪ್ಪಿಕೊಂಡಿರುತ್ತದೆ. ಟ್ಯೂಡರ್ ಅನ್ನು ಹುಟ್ಟುಹಾಕಿದವರು ರೋಲೆಕ್ಸಿನ ಹಾನ್ಸ್ ವಿಲ್ಸ್‌ಡಾರ್ಫ್. ಬ್ಲ್ಯಾಕ್ ಬೇ 58 ಮಾದರಿ 39 ಎಂಎಂ, ದಪ್ಪ 12ರ ಒಳಗೆ. ನಮ್ಮ ಕಡೆಯ ಕೈಗಳಿಗೆ ಹೇಳಿ ಮಾಡಿಸಿದ ಅಳತೆ.

ಕಾರ್ಟಿಯೆ ಟ್ಯಾಂಕ್ ಇದಕ್ಕೆಲ್ಲ ಬೇರೆಯೇ ದಾರಿ. 1917ರ ವಿನ್ಯಾಸ, ಆಯತಾಕಾರದ ಮುಖ, ರೋಮನ್ ಅಂಕಿ, ನೀಲಿ ಮುಳ್ಳು. ಗಂಡಸರಿಗೂ ಹೆಂಗಸರಿಗೂ ಒಪ್ಪುತ್ತದೆ. ಬೈಕಿನಲ್ಲಿ ಹೊಲಕ್ಕೆ ಹೋಗಿ ಬರುವವರಿಗೆ ಬೇಡ.

ನನಗೆ ರೋಲೆಕ್ಸೇ ಬೇಕು. ತಪ್ಪಾ?

ಖಂಡಿತ ತಪ್ಪಲ್ಲ. 'ಹೆಸರಿಗೋಸ್ಕರ ತಗೋತೀಯಾ' ಅಂತ ಹೀಯಾಳಿಸುವವರ ಮಾತಿಗೆ ಕಿವಿಗೊಡಬೇಡಿ. 1926ರಲ್ಲಿ ನೀರು ಹೋಗದ ಆಯ್ಸ್ಟರ್ ಡಬ್ಬಿ, 1945ರಲ್ಲಿ ಡೇಟ್‌ಜಸ್ಟ್, 1953ರಲ್ಲಿ ಸಬ್‌ಮರೀನರ್. ಹೆಸರು ಸುಮ್ನೆ ಬಂದದ್ದಲ್ಲ. ಈಗಿನ ರೋಲೆಕ್ಸುಗಳು ದಿನಕ್ಕೆ 2 ಸೆಕೆಂಡು ಆಚೀಚೆ ಮಾತ್ರ ಅಂತ ಕಂಪನಿ ಹೇಳುತ್ತದೆ.

ಸ್ಟೀಲಿನ ಸ್ಪೋರ್ಟ್ಸ್ ಮಾದರಿಗಳು ಅಂಗಡಿಗೆ ಹೋದ ದಿನವೇ ಸಿಗುವುದು ಅಪರೂಪ. ಹೆಸರು ಬರೆಸಿ ಕಾಯಬೇಕು. ತಿಂಗಳುಗಟ್ಟಲೆ ಆಗಬಹುದು, ವರ್ಷವೂ ದಾಟಬಹುದು. ಕಾಯಲಾರದೆ ಬೇರೆಯವರ ಹತ್ತಿರ ಮೇಲ್ದುಡ್ಡು ಕೊಟ್ಟು ತಗೊಳ್ಳುವ ಮೊದಲು ಒಂದು ಸಲ ಒಮೆಗಾ ಮತ್ತು ಗ್ರ್ಯಾಂಡ್ ಸೀಕೊ ಕೈಗೆ ಹಾಕಿ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಒಮೆಗಾ ಸ್ಪೀಡ್‌ಮಾಸ್ಟರ್ 1957ರದು. 1969ರಲ್ಲಿ ಬಝ್ ಆಲ್ಡ್ರಿನ್ ಚಂದ್ರನ ಮೇಲೆ ಕಟ್ಟಿಕೊಂಡಿದ್ದು ಅದನ್ನೇ. ಇವತ್ತಿಗೂ ಅದರ 'ಮೂನ್‌ವಾಚ್' ಮಾದರಿಗೆ ದಿನಾ ಚಾವಿ ಕೊಡಬೇಕು.

ಗ್ರ್ಯಾಂಡ್ ಸೀಕೊದ ಸ್ಪ್ರಿಂಗ್ ಡ್ರೈವ್, ಅಂದರೆ ಸ್ಪ್ರಿಂಗಿನಿಂದ ನಡೆದು ಕ್ವಾರ್ಟ್ಸ್ ಹರಳಿನಿಂದ ವೇಗ ಹಿಡಿತದಲ್ಲಿಡುವ ವಾಚನ್ನು, ಫೋಟೊದಲ್ಲಿ ನೋಡಿ ತೀರ್ಮಾನ ಮಾಡಲೇಬೇಡಿ. 'ಸ್ನೋಫ್ಲೇಕ್' ಮಾದರಿಯ ಡಯಲ್ ಮೇಲೆ ಈಗಷ್ಟೇ ಬಿದ್ದ ಹಿಮದಂಥ ಸಣ್ಣ ಏರಿಳಿತ ಇದೆ. ಕೈ ಸ್ವಲ್ಪ ತಿರುಗಿಸಿದರೆ ಬಿಳಿ ಬೂದಾಗುತ್ತದೆ, ಮುಳ್ಳಿನ ಒಂದು ಬದಿ ಕಪ್ಪಾಗಿ ಇನ್ನೊಂದು ಬದಿ ಹೊಳೆಯುತ್ತದೆ. ನೀಲಿ ಸೆಕೆಂಡ್ ಮುಳ್ಳು ಕುಪ್ಪಳಿಸುವುದಿಲ್ಲ, ಟಿಕ್ ಅನ್ನುವುದಿಲ್ಲ, ಒಂದೇ ಸಮ ಜಾರುತ್ತ ಹೋಗುತ್ತದೆ. ರೋಲೆಕ್ಸ್ ಬೇಕು ಅಂತ ಹೋದವರು ಇದರ ಮುಂದೆ ನಿಂತು ಮಾತು ನಿಲ್ಲಿಸುತ್ತಾರೆ. ಆಮೇಲೂ ರೋಲೆಕ್ಸೇ ಬೇಕು ಅನ್ನಿಸಿದರೆ ನಿಮ್ಮ ಆಸೆ ಗಟ್ಟಿ ಇದೆ ಅಂತ ಅರ್ಥ, ಕಾಯಿರಿ.

ನಮ್ಮ ದೇಶಕ್ಕೆ ಸಂಬಂಧ ಇರುವ ದೊಡ್ಡ ವಾಚು ಯಾವುದಾದರೂ ಇದೆಯಾ?

ಜೇಗರ್-ಲೆಕುಲ್ತ್ರ್ ಕಂಪನಿಯ ರಿವರ್ಸೊ. ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಪೋಲೊ ಆಡುವಾಗ ವಾಚಿನ ಗ್ಲಾಸು ಒಡೆಯುತ್ತಿತ್ತು. ಆ ತಕರಾರಿಗೆ ಉತ್ತರವಾಗಿ 1931ರಲ್ಲಿ ಬಂತು. ಡಬ್ಬಿಯನ್ನು ಪಕ್ಕಕ್ಕೆ ಜಾರಿಸಿ ಮಗುಚಿದರೆ ಗ್ಲಾಸು ಒಳಕ್ಕೆ, ಸ್ಟೀಲು ಮೇಲಕ್ಕೆ. ಹಿಂಬದಿಯ ಸ್ಟೀಲಿನ ಮೇಲೆ ಹೆಸರು ಕೆತ್ತಿಸುವ ಪದ್ಧತಿ ಇದೆ. ಕನ್ನಡ ಅಕ್ಷರದಲ್ಲಿ ಕೆತ್ತಿಸಿದರೆ ಎಷ್ಟು ಚಂದ ಅಲ್ವಾ?

ಊರಲ್ಲಿ ಅಂಗಡಿ ಇಲ್ಲ. ಎಲ್ಲಿ ಹಾಕಿ ನೋಡುವುದು?

ಹುಬ್ಬಳ್ಳಿಯಲ್ಲಿ ಟೈಟಾನ್, ಕ್ಯಾಸಿಯೊದಂಥವು ಸುಲಭವಾಗಿ ಸಿಗುತ್ತವೆ. ರೋಲೆಕ್ಸ್, ಒಮೆಗಾ, ಕಾರ್ಟಿಯೆಗೆ ಬೆಂಗಳೂರು ಇಲ್ಲವೇ ಮುಂಬೈ. ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಒಂದೇ ದಿನ ನಾಲ್ಕಾರು ಅಧಿಕೃತ ಅಂಗಡಿ ಸುತ್ತಬಹುದು. ವಾರದ ನಡುವಿನ ದಿನ ಹೋಗಿ, ಶನಿವಾರ ಭಾನುವಾರ ಅಂಗಡಿಯವರಿಗೆ ಪುರುಸೊತ್ತು ಇರುವುದಿಲ್ಲ. ಮೊದಲೇ ಫೋನ್ ಮಾಡಿ 'ಈ ಮಾದರಿ ತೋರಿಸಲಿಕ್ಕೆ ಇದೆಯಾ' ಅಂತ ಕೇಳಿ.

ಅಂಗಡಿಯೊಳಗೆ ಹೆದರಬೇಡಿ. ಚಪ್ಪಲಿ ಹಾಕಿಕೊಂಡು ಹೋದರೂ ನೀವು ಗಿರಾಕಿಯೇ. ಕನ್ನಡದಲ್ಲೇ ಮಾತಾಡಿ. ಪ್ರತಿ ವಾಚನ್ನು ಐದು ನಿಮಿಷವಾದರೂ ಕೈ ಮೇಲೆ ಬಿಡಿ, ಕೈ ಕೆಳಗೆ ಬಿಟ್ಟು ನಡೆದಾಡಿ, ಮಣಿಕಟ್ಟು ಹಿಂದಕ್ಕೆ ಬಾಗಿಸಿ ಪಕ್ಕದ ಚಾವಿ ಗುಂಡಿ ಚುಚ್ಚುತ್ತದಾ ನೋಡಿ. ಫೋಟೊ ತೆಗೆದುಕೊಳ್ಳಿ. ಆ ದಿನ ಕೊಳ್ಳದೆ ವಾಪಸ್ ಬನ್ನಿ. ಊರಿಗೆ ಬಂದ ಮೇಲೂ ಯಾವುದು ನೆನಪಾಗುತ್ತಿದೆಯೋ ಅದಕ್ಕೆ ಮಾತ್ರ ಎರಡನೇ ಸಲ ಹೋಗಿ.

ದುಬೈನಲ್ಲಿರುವ ಮಾವನಿಂದ ತರಿಸಿದರೆ ಅಗ್ಗ ಆಗುವುದಿಲ್ಲವಾ?

ಬೆಲೆಪಟ್ಟಿಯಲ್ಲಿ ಅಗ್ಗ ಕಾಣಬಹುದು. ಆದರೆ ಉಚಿತ ಮಿತಿ ದಾಟಿದ ಬೆಲೆಬಾಳುವ ವಾಚನ್ನು ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿಗೆ ಹೇಳಿ ಸುಂಕ ಕಟ್ಟಬೇಕು. ಕೈಗೆ ಕಟ್ಟಿಕೊಂಡು ಸುಮ್ನೆ ಬಂದುಬಿಡಿ ಅಂತ ಹೇಳುವವರು ಸಿಗುತ್ತಾರೆ. ಸಿಕ್ಕಿಬಿದ್ದರೆ ವಾಚೂ ಹೋಗುತ್ತದೆ, ದಂಡವೂ ಬೀಳುತ್ತದೆ, ಮಾವನ ಮರ್ಯಾದೆಯೂ ಹೋಗುತ್ತದೆ. ಸುಂಕ ಸೇರಿಸಿ ಲೆಕ್ಕ ಹಾಕಿ ನೋಡಿ, ಉಳಿತಾಯ ಬಹಳ ಸಲ ಕರಗಿಹೋಗಿರುತ್ತದೆ.

ಸ್ವಿಸ್ ವಾಚುಗಳ ಮೇಲೆ ಭಾರತದಲ್ಲಿ ಇದ್ದ ಆಮದು ಸುಂಕ 20%. ಸ್ವಿಟ್ಜರ್ಲೆಂಡ್ ಸೇರಿದ ಇಎಫ್‌ಟಿಎ ಅನ್ನುವ ಯುರೋಪಿನ ವ್ಯಾಪಾರ ಕೂಟದ ದೇಶಗಳ ಜೊತೆಗಿನ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಈ ಸುಂಕ ಹಂತ ಹಂತವಾಗಿ ಇಳಿಯುತ್ತದೆ. ಅವಸರ ಇಲ್ಲದವರಿಗೆ ಇದು ಒಳ್ಳೆಯ ಸುದ್ದಿ.

ನಗದು ಕೊಟ್ಟರೆ ರಿಯಾಯಿತಿ ಸಿಗುತ್ತದಾ?

ಎರಡು ಲಕ್ಷ ಮತ್ತು ಅದಕ್ಕಿಂತ ಮೇಲೆ ನಗದು ತಗೊಳ್ಳುವುದು ಕಾನೂನಿನಲ್ಲಿ ಅಂಗಡಿಯವರಿಗೆ ನಿಷಿದ್ಧ. ಹತ್ತು ಲಕ್ಷ ದಾಟಿದ ವಾಚಿಗೆ 2025ರ ಏಪ್ರಿಲ್ 22ರಿಂದ 1% ಟಿಸಿಎಸ್ ಕೂಡ ಇದೆ, ಅಂದರೆ ಮಾರುವಾಗಲೇ ಅಂಗಡಿಯವರು ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ. ಅದನ್ನು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಬಿಲ್ ಇಲ್ಲದ ವಾಚು ಯಾವ ಬೆಲೆಗೂ ಬೇಡ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ? ಡೂಪ್ಲಿಕೇಟ್ ಗುರುತಿಸುವುದು ಹೇಗೆ?

ತಗೊಳ್ಳಬಹುದು, ಮಾರುವವರನ್ನು ನೋಡಿ. ಮೂಲ ಬಿಲ್ಲು, ವಾರಂಟಿ ಕಾರ್ಡು, ಪೆಟ್ಟಿಗೆ ಮೂರೂ ಕೇಳಿ. ಕಾರ್ಡಿನ ಸೀರಿಯಲ್ ನಂಬರು ವಾಚಿನ ಮೇಲಿನದಕ್ಕೆ ಹೊಂದಬೇಕು. ಈಗಿನ ರೋಲೆಕ್ಸುಗಳಲ್ಲಿ ಅದು ಡಯಲ್ ಸುತ್ತಲಿನ ಒಳ ಅಂಚಿನಲ್ಲಿ, ಆರು ಗಂಟೆಯ ಹತ್ತಿರ ಇರುತ್ತದೆ.

ಹಿಂದೆಲ್ಲ 'ಮುಳ್ಳು ಟಿಕ್ ಟಿಕ್ ಅಂದರೆ ಡೂಪ್ಲಿಕೇಟ್' ಅಂತ ಹೇಳುತ್ತಿದ್ದರು. ಈಗಿನ ಫಸ್ಟ್ ಕಾಪಿಗಳ ಒಳಗೂ ಆಟೋಮ್ಯಾಟಿಕ್ ಯಂತ್ರವೇ ಇರುತ್ತದೆ. ತೂಕವೂ ಸರಿ, ಮುದ್ರಣವೂ ಸರಿ. ಬರಿಗಣ್ಣನ್ನು ನಂಬಬೇಡಿ. ದುಡ್ಡು ಕೊಡುವ ಮೊದಲು ವಾಚನ್ನು ತಿಳಿದ ಪರಿಣಿತರಿಂದ ತೆರೆಸಿ ನೋಡಲು ಮಾರುವವರು ಒಪ್ಪದಿದ್ದರೆ ಎದ್ದು ಬನ್ನಿ. 'ಇನ್ನೊಬ್ಬರು ಕಾಯ್ತಿದ್ದಾರೆ, ಸಂಜೆಯೊಳಗೆ ಹೇಳಿ' ಅಂದರೂ ಎದ್ದು ಬನ್ನಿ.

ಬಂಗಾರದ ಹಾಗೆ ವಾಚಿನ ಬೆಲೆಯೂ ಏರುತ್ತದೆ ಅಂತಾರೆ. ಇಎಂಐನಲ್ಲಿ ತಗೊಳ್ಳಲಾ?

ಬೇಡ. 2020ರ ನಂತರ ಕೆಲವು ರೋಲೆಕ್ಸ್, ಪಾಟೆಕ್ ಫಿಲಿಪ್, ಓದೆಮಾರ್ ಪಿಗೆ ಮಾದರಿಗಳ ಮರುಮಾರಾಟದ ಬೆಲೆ ಆಕಾಶಕ್ಕೆ ಏರಿತ್ತು, ನಿಜ. 2022ರಲ್ಲಿ ಅದು ಇಳಿಯತೊಡಗಿತು. ಬಾಕಿ ಬಹುಪಾಲು ವಾಚುಗಳು ಅಂಗಡಿಯ ಬಾಗಿಲು ದಾಟಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ. ಬಂಗಾರವನ್ನು ಹುಬ್ಬಳ್ಳಿಯ ಯಾವ ಅಂಗಡಿಯಲ್ಲೂ ಅರ್ಧ ತಾಸಿನಲ್ಲಿ ನಗದು ಮಾಡಬಹುದು. ನಿಮ್ಮ ಒಮೆಗಾವನ್ನು ಕೊಪ್ಪಿಕರ್ ರೋಡಿನಲ್ಲಿ ಹಾಗೆ ಮಾರಲಿಕ್ಕೆ ಆಗುವುದಿಲ್ಲ. ಉಳಿತಾಯದ ದುಡ್ಡಿನಿಂದ ತಗೊಳ್ಳಿ. ಕೂಡಿಸಲು ಎರಡು ವರ್ಷ ಹಿಡಿದರೆ ಹಿಡಿಯಲಿ. ಆ ಎರಡು ವರ್ಷದಲ್ಲಿ ನಿಮ್ಮ ರುಚಿಯೂ ಪಕ್ವ ಆಗುತ್ತದೆ.

ಸರ್ವಿಸ್ ಎಲ್ಲಿ ಮಾಡಿಸುವುದು?

ರೋಲೆಕ್ಸ್ ಹತ್ತಿರಹತ್ತಿರ ಹತ್ತು ವರ್ಷಕ್ಕೊಮ್ಮೆ ಅನ್ನುತ್ತದೆ. ಬೇರೆ ಬಹಳ ಕಂಪನಿಗಳು ಐದರಿಂದ ಎಂಟು ವರ್ಷದೊಳಗೆ ಅನ್ನುತ್ತವೆ. ಒಳಗಿನ ಎಣ್ಣೆ ಒಣಗುತ್ತದೆ, ನೀರು ತಡೆಯುವ ರಬ್ಬರು ಸೊರಗುತ್ತದೆ, ಅದಕ್ಕೆ. ಲಕ್ಷಗಳ ವಾಚಿಗೆ ಸರ್ವಿಸ್ ಖರ್ಚು ಸಾವಿರಗಳಲ್ಲೇ ಬರುತ್ತದೆ, ಹತ್ತಿಪ್ಪತ್ತು ಸಾವಿರ ದಾಟುವುದು ಮಾಮೂಲು. ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿ: 'ಹುಬ್ಬಳ್ಳಿಯಿಂದ ಕಳಿಸಿದರೆ ದಾರಿಯ ಜವಾಬ್ದಾರಿ ಯಾರದು?' ಉತ್ತರ ಬರೆಸಿಕೊಳ್ಳಿ.

ದುರ್ಗದ ಬೈಲಿನ ಸುತ್ತ, ಧಾರವಾಡದ ಸುಭಾಸ ರೋಡಿನಲ್ಲಿ, ಗದಗ-ಬೆಟಗೇರಿಯಲ್ಲಿ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂತ ಹಿರಿಯ ರಿಪೇರಿಯವರು ನಮಗೆ ದೊಡ್ಡ ಆಸ್ತಿ. ಚಾವಿ ಕೊಡುವ ಹಳೆಯ ವಾಚುಗಳಿಗೆ ಅವರಷ್ಟು ಒಳ್ಳೆಯ ಕೈ ಬೇರೆಡೆ ಸಿಗುವುದು ಕಷ್ಟ. ಬೆಲ್ಟು ಬದಲಿಸಲು, ಚೈನಿನ ಕೊಂಡಿ ತೆಗೆಸಲು ಅವರ ಹತ್ತಿರ ಧಾರಾಳವಾಗಿ ಹೋಗಿ. ಆದರೆ ವಾರಂಟಿ ಇರುವ ಹೊಸ ಲಕ್ಸುರಿ ವಾಚಿನ ಹಿಂಬದಿ ತೆರೆಸಬೇಡಿ, ವಾರಂಟಿ ಹೋಗುತ್ತದೆ. ರೋಲೆಕ್ಸ್, ಟ್ಯೂಡರ್, ಒಮೆಗಾ ಮೂರಕ್ಕೂ ಐದು ವರ್ಷದ ವಾರಂಟಿ ಇದೆ.

ಮಳೆ, ಧೂಳು, ರಂಗಪಂಚಮಿ? ದಿನಾ ಕಟ್ಟಬಹುದಾ?

30 ಮೀಟರ್ ಅಂತ ಬರೆದಿದ್ದರೆ ಕೈ ತೊಳೆಯುವಾಗ ಸಿಡಿಯುವ ಹನಿ ತಡೆಯುತ್ತದೆ, ಅಷ್ಟೇ. ಧಾರವಾಡದ ಜುಲೈ ಮಳೆಗೆ, ಈಜಿಗೆ 100 ಮೀಟರ್ ಇರಲಿ. ಚಾವಿ ತಿರುಪಿನಂತೆ ಬಿಗಿಯುವ ಮಾದರಿಯಾದರೆ ಇನ್ನೂ ಒಳ್ಳೆಯದು, ಬಿಗಿದಿದೆಯಾ ಅಂತ ನೋಡಿಕೊಳ್ಳಿ. ಡೈವಿಂಗ್ ವಾಚಾದರೂ ಬಿಸಿನೀರ ಸ್ನಾನಕ್ಕೆ ಬಿಚ್ಚಿಡಿ, ರಬ್ಬರಿಗೆ ಬಿಸಿ ಒಗ್ಗುವುದಿಲ್ಲ. ರಂಗಪಂಚಮಿ ದಿನ ಮನೆಯಲ್ಲೇ ಇಡಿ. ಬಣ್ಣ ಚರ್ಮದ ಬೆಲ್ಟಿಗೆ ಹಿಡಿದರೆ ಹೋಗುವುದಿಲ್ಲ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ದಿನವಿಡೀ ಮೆಣಸಿನಕಾಯಿ ಧೂಳಿನಲ್ಲಿ ಇರುವವರು ರಾತ್ರಿ ಒದ್ದೆ ಮೆತ್ತನೆ ಬಟ್ಟೆಯಿಂದ ಚೈನಿನ ಸಂದುಗಳನ್ನು ಒರೆಸಿ.

ಇದ್ದಕ್ಕಿದ್ದಂತೆ ವಾಚು ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಗಾಬರಿಯಾಗಬೇಡಿ. ಬಹಳ ಸಲ ಅದು ಅಯಸ್ಕಾಂತದ ಕಾಟ. ಸ್ಪೀಕರು, ಮೊಬೈಲ್ ಕವರು, ಪರ್ಸಿನ ಬಟನ್ನು ಯಾವುದಾದರೂ ಕಾರಣ ಇರಬಹುದು. ಡಿಮ್ಯಾಗ್ನೆಟೈಜರ್ ಇರುವ ರಿಪೇರಿಯವರು ವಾಚು ತೆರೆಯದೆಯೇ ಕ್ಷಣದಲ್ಲಿ ಸರಿ ಮಾಡುತ್ತಾರೆ. ಒಮೆಗಾದ ಮಾಸ್ಟರ್ ಕ್ರೊನೊಮೀಟರ್ ಮಾದರಿಗಳು 15,000 ಗಾಸ್ (ಅಯಸ್ಕಾಂತದ ಬಲದ ಅಳತೆ) ತನಕ ತಡೆಯುತ್ತವೆ.

ಅಪ್ಪಾಜಿಯ ಎಚ್‌ಎಂಟಿ ಇದೆ. ಅದನ್ನು ಬಿಟ್ಟು ಹೊಸದು ತಗೊಳ್ಳಬೇಕಾ?

ಮೊದಲು ಅದನ್ನು ಸರ್ವಿಸ್ ಮಾಡಿಸಿ ಕಟ್ಟಿ. ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚಿನ ಕಾರ್ಖಾನೆ ಶುರುವಾಯಿತು. ಜನತಾ, ಪೈಲಟ್, ಕೊಹಿನೂರ್ ಇಲ್ಲದ ಮನೆ ಕಡಿಮೆ ಇತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಈಗ ಬಣ್ಣಬಣ್ಣದ ಡಯಲ್ ಹಾಕಿ 'ಹಳೆಯ ಎಚ್‌ಎಂಟಿ' ಅಂತ ಮಾರುವ ಬೆರಕೆ ವಾಚುಗಳೇ ಜಾಸ್ತಿ. ಅವುಗಳ ನಡುವೆ ನಿಮ್ಮ ಮನೆಯದು ಅಪ್ಪಟ. ಡಯಲ್ ಮಾಸಿದ್ದರೂ ಹೊಸ ಬಣ್ಣ ಹೊಡೆಸಬೇಡಿ, ಹಾಗೇ ಇರಲಿ. ಚಾವಿ ಕೊಡುವ ಅಭ್ಯಾಸ ನಿಮಗೆ ಒಗ್ಗುತ್ತದಾ ಅನ್ನುವುದೂ ಅದರಿಂದಲೇ ಖರ್ಚಿಲ್ಲದೆ ಗೊತ್ತಾಗುತ್ತದೆ.

ಮದುವೆಯಲ್ಲಿ ಅಳಿಯನಿಗೆ ಕೊಡಬೇಕು. ಏನು ಕೊಡಲಿ?

ಅಳಿಯನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಗುಟ್ಟಾಗಿ ತಂದ ವಾಚು ಕೈಗೆ ಹೊಂದದಿದ್ದರೆ ಪಾಪ, ಅವರು ಬೀಗರ ಮುಂದೆ ಹೇಳಲಾರರು. ಮಗಳಿಗೂ ಒಂದು ತಗೊಳ್ಳಿ, ಅದೇ ಬೆಲೆಯದು. ಹೆಣ್ಣುಮಕ್ಕಳಿಗೆ ಹರಳು ಕೂರಿಸಿದ ಸಣ್ಣ ಸೆಲ್ಲಿನ ವಾಚೇ ಆಗಬೇಕು ಅಂತಿಲ್ಲ. 36 ಎಂಎಂ ಆಟೋಮ್ಯಾಟಿಕ್ ಕಟ್ಟಿಕೊಂಡು ನೋಡಲು ಹೇಳಿ.

ಎರಡು ವಾಚಿನ ನಡುವೆ ತಿಂಗಳಾದರೂ ತೀರ್ಮಾನ ಆಗುತ್ತಿಲ್ಲ.

ಎರಡನ್ನೂ ಒಂದೇ ದಿನ, ಒಂದೇ ಕೈಗೆ, ಒಂದರ ಹಿಂದೆ ಒಂದು ಕಟ್ಟಿ ನೋಡಿ. ಅಂಗಡಿಯ ದೀಪದಿಂದ ಕಿಟಕಿಯ ಬೆಳಕಿಗೆ ಬನ್ನಿ. ನೀವು ದಿನಾ ಹಾಕುವ ಬಟ್ಟೆ ಹಾಕಿಕೊಂಡು ಹೋಗಿರಿ, ಮದುವೆಯ ಸೂಟ್ ಬೇಡ. ಆಮೇಲೂ ಸಮ ಅನ್ನಿಸಿದರೆ ತೆಳುವಾದದ್ದನ್ನು ಆರಿಸಿ. ಅದೂ ಸಮ ಇದ್ದರೆ ಸರ್ವಿಸ್ ಬೆಂಗಳೂರಿನಲ್ಲೇ ಆಗುವುದನ್ನು ಆರಿಸಿ.